ವಾರಕ್ಕೆ ಒಂದು ಗಂಟೆ ಸಾಕಾ?

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ 10 ವರ್ಷ. ಬೆಂಗಳೂರಿನಲ್ಲಿದ್ದೇವೆ, ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಸಂಡೇ ಸ್ಕೂಲಿಗೆ ಒಂದು ವಾರವೂ ತಪ್ಪಿಸಿಲ್ಲ. ಮೊನ್ನೆ ಬಟ್ಟೆ ಒಗೆಯಲು ಹಾಕುವಾಗ ಅವನ ಪ್ಯಾಂಟಿನ ಜೇಬಿನಲ್ಲಿ ಬಾಯಿಪಾಠದ ವಚನದ ಚೀಟಿ ಸಿಕ್ಕಿತು. "ಏನು ಪಾಠ ಮಾಡಿದ್ರು?" ಅಂದೆ. "ನೀನು ಯಾವತ್ತೂ ಕೇಳಲ್ವಲ್ಲಮ್ಮ, ಇವತ್ತೇನು?" ಅಂದ. ಮನಸ್ಸಿಗೆ ನಾಟಿತು. ಇಂಗ್ಲಿಷ್ ಮೀಡಿಯಂ ಆದ್ದರಿಂದ ಕನ್ನಡ ಬೈಬಲ್ ಓದಲು ತಡವರಿಸುತ್ತಾನೆ. ನನಗೂ ಬೈಬಲ್ ಅಷ್ಟಾಗಿ ಗೊತ್ತಿಲ್ಲ. ಇದು ಸಭೆಯ ಕೆಲಸ ಅಲ್ವಾ?
— ಒಬ್ಬ ತಾಯಿ

ಉತ್ತರ: ಸಹೋದರಿ, ಸಭೆಯ ಕೆಲಸವೂ ಹೌದು, ನಿಮ್ಮದೂ ಹೌದು. ಮಗನ ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಿನ ನೆನಪು ಮಾಡಿಕೊಳ್ಳಿ. ಇವನನ್ನು ನಂಬಿಕೆಯಲ್ಲಿ ಬೆಳೆಸುತ್ತೇವೆ ಅಂತ ನೀವಿಬ್ಬರೂ ಮಾತು ಕೊಟ್ಟಿರಿ. ಸಭೆಯೂ ಜೊತೆಗಿರುತ್ತೇವೆ ಅಂತ ಒಪ್ಪಿಕೊಂಡಿತು. ಆಮೇಲೆ ಆ ಮಾತಿನ ಬಗ್ಗೆ ಎರಡೂ ಕಡೆಯವರು ಕೂತು ಮಾತಾಡಿದ್ದು ಎಷ್ಟು ಸಲ? ನನಗೆ ಬೇಜಾರಾಗುವುದು ಇಲ್ಲೇ.

ಸಂಡೇ ಸ್ಕೂಲ್ ಹೇಗೆ ಬೆಳೆಯಿತು ನೋಡಿ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೇಕ್ಸ್ ಇದನ್ನು ಶುರು ಮಾಡಿದರು. ವಾರವಿಡೀ ದುಡಿಯುತ್ತಿದ್ದ ಬಡ ಮಕ್ಕಳಿಗೆ ಭಾನುವಾರ ಒಂದೇ ಬಿಡುವು, ಅವತ್ತೇ ಅವರಿಗೆ ಓದು ಕಲಿಸುತ್ತಿದ್ದರು. ಕಲಿಸುವವರು ಬೇರೆ ಯಾರೂ ಇಲ್ಲದ ಮಕ್ಕಳು ಅವರು. ನಿಮ್ಮ ಮಗನಿಗೆ ಹಾಗಲ್ಲ, ನೀವಿದ್ದೀರಿ. ವಾರಕ್ಕೆ 168 ಗಂಟೆ, ಅದರಲ್ಲಿ ಟೀಚರ್ ಕೈಗೆ ಸಿಗುವುದು ಒಂದೇ ಒಂದು.

ಬೈಬಲ್ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. 1528ರ ಸುಮಾರಿಗೆ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಜರ್ಮನಿಯ ಸ್ಯಾಕ್ಸನಿಯ ಊರೂರು ಸಭೆಗಳನ್ನು ನೋಡಿಬಂದಾಗ ಜನರಿಗೆ ಮೂಲ ಪಾಠಗಳೇ ಗೊತ್ತಿರಲಿಲ್ಲ, ಕೆಲವು ಪಾದ್ರಿಗಳಿಗೂ ಅಷ್ಟೇ. ಮರುವರ್ಷ ಒಂದು ಸಣ್ಣ ಪ್ರಶ್ನೋತ್ತರ ಪುಸ್ತಕ ಬರೆದರು. ಅದರ ಪಾಠಗಳ ತಲೆಬರಹದಲ್ಲೇ, ಮನೆಯ ಯಜಮಾನ ತನ್ನ ಮನೆಯವರಿಗೆ ಇದನ್ನು ಸರಳವಾಗಿ ಹೇಳಿಕೊಡಬೇಕು ಅಂತ ಇದೆ. ಏನೂ ಗೊತ್ತಿಲ್ಲದ ಜನ ಅಂತ ಕಣ್ಣಾರೆ ಕಂಡ ಮೇಲೂ ಅವರು ಆ ಕೆಲಸವನ್ನು ಮನೆಯವರಿಂದ ಕಿತ್ತುಕೊಳ್ಳಲಿಲ್ಲ, ಅವರ ಕೈಗೆ ಒಂದು ಪುಸ್ತಕ ಕೊಟ್ಟರು.

ಸಭೆಯಿಂದ ನೀವು ಕೇಳಬೇಕಾದದ್ದೂ ಅದನ್ನೇ. ಈ ಭಾನುವಾರ ಟೀಚರ್ ಹತ್ತಿರ ಹೋಗಿ, "ಮುಂದಿನ ವಾರದ ಪಾಠ ಯಾವುದು, ಮುಂಚೆಯೇ ಹೇಳ್ತೀರಾ?" ಅಂತ ಕೇಳಿ. ವಾಟ್ಸ್ಯಾಪಿನಲ್ಲಿ ಒಂದು ಸಾಲು ಬಂದರೂ ಸಾಕು. ಮಗ ಕನ್ನಡದಲ್ಲಿ ತಡವರಿಸುತ್ತಾನೆ ಅನ್ನುವುದನ್ನೂ ಹೇಳಿ. ಎಷ್ಟೋ ಟೀಚರ್‌ಗಳಿಗೆ ಇದು ಗೊತ್ತೇ ಇರುವುದಿಲ್ಲ, ಹುಡುಗನಿಗೆ ಆಸಕ್ತಿ ಇಲ್ಲ ಅಂದುಕೊಂಡಿರುತ್ತಾರೆ. ಪಾಪ, ಅವನು ಎಲ್ಲರ ಮುಂದೆ ಓದಲು ನಾಚಿ ತಲೆ ತಗ್ಗಿಸಿ ಕೂತಿರಬಹುದು.

ಮನೆಯಲ್ಲಿ ರಾತ್ರಿ ಊಟ ಆದಮೇಲೆ ನೀವೇ ಗಟ್ಟಿಯಾಗಿ ಓದಿ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಅರ್ಧ ಓದಿದರೆ ಒಂದು ತಿಂಗಳ ಮಾತು. ಅವನು ಬೆರಳಿಟ್ಟು ಸಾಲು ಹಿಡಿಯಲಿ, ಕನ್ನಡವೂ ಬರುತ್ತದೆ. ಅವನು ಪ್ರಶ್ನೆ ಕೇಳಿ ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ ಕಣೋ, ಅಯ್ಯನವರನ್ನ ಕೇಳೋಣ" ಅನ್ನಿ, ಆಮೇಲೆ ನಿಜವಾಗಿ ಇಬ್ಬರೂ ಪಾದ್ರಿಗಳ ಹತ್ತಿರ ಹೋಗಿ ಕೇಳಿ. ಸುಮ್ನೆ ಏನೋ ಒಂದು ಹೇಳಿ ಬಾಯಿ ಮುಚ್ಚಿಸಬೇಡಿ.

ಪ್ರಶ್ನೆ: ನಾನು ಸಂಡೇ ಸ್ಕೂಲ್ ಟೀಚರ್. ಕ್ರಿಸ್ಮಸ್ ನಾಟಕಕ್ಕೆ ತಂದೆತಾಯಿ ಎಲ್ಲರೂ ಬರುತ್ತಾರೆ, ಮೀಟಿಂಗ್ ಕರೆದರೆ ಮೂರೇ ಜನ. ಏನು ಮಾಡಲಿ?
— ಧಾರವಾಡದ ಓದುಗರು

ಉತ್ತರ: ಮೀಟಿಂಗ್ ಬಿಡಿ. ತಿಂಗಳಿಗೆ ಎರಡು ಮನೆಗೆ ನೀವೇ ಹೋಗಿ ಬನ್ನಿ. ಮಗುವಿನ ತಪ್ಪು ಹೇಳಲು ಹೋಗಬೇಡಿ, ಅದು ಕ್ಲಾಸಿನಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೇಳಲು ಹೋಗಿ. ಆಗ ಅಪ್ಪ ಅಮ್ಮ ತಾವಾಗಿಯೇ ಮಾತಿಗೆ ಬರುತ್ತಾರೆ.

ಮನೆಯಲ್ಲಿ ಅಜ್ಜಿ ಇದ್ದರೆ ಅವರ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ಕೂತುಕೊಳ್ಳಿ. ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇತ್ತು ಅಂತ ಬೈಬಲಿನಲ್ಲಿ ಪೌಲ ತನ್ನ ಶಿಷ್ಯನಾದ ಅವನಿಗೇ ಬರೆಯುತ್ತಾನಲ್ಲ. ನಿಮ್ಮ ಧಾರವಾಡಕ್ಕೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಬಂದದ್ದು 1837ರಲ್ಲಿ. ಅಂಥ ಹಳೆಯ ಸಭೆಗಳಲ್ಲಿ ಪುಸ್ತಕ ನೋಡದೆ ಕೀರ್ತನೆ ಹಾಡುವ ಅಜ್ಜಿಯರು ಈಗಲೂ ಇದ್ದಾರೆ. ಅವರಲ್ಲಿ ಒಬ್ಬರನ್ನು ಮುಂದಿನ ಭಾನುವಾರ ಕ್ಲಾಸಿಗೆ ಕರೆತನ್ನಿ, ಮಕ್ಕಳಿಗೆ ಒಂದು ಹಾಡು ಹೇಳಿಕೊಡಲಿ.