ಕುದುರೆಮುಖದಂಥ ಗಣಿಗಾರಿಕೆ ಬೇಡ ಎಂದರೆ ರಾಜಕೀಯವಾಗಿ ಬೇರೆ ದಾರಿ ಇದೆಯೇ?

ಇದೆ: ತೀರ್ಮಾನದ ಅಧಿಕಾರ ಗ್ರಾಮಸಭೆಗೆ ಸಿಗಬೇಕು. ಲಾಭ ಎಣಿಸುವವರು ಒಂದು ಕಡೆ, ನಷ್ಟ ಉಣ್ಣುವವರು ಇನ್ನೊಂದು ಕಡೆ ಇದ್ದಾಗಲೇ ಅಭಿವೃದ್ಧಿ ದಾರಿ ತಪ್ಪುವುದು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಅದಿರು ಕೊಳವೆಯಲ್ಲಿ ಮಂಗಳೂರಿಗೆ ಇಳಿಯಿತು. ಮಳೆಗಾಲದಲ್ಲಿ ಗಣಿಯ ಕೆಮ್ಮಣ್ಣು ಮಾತ್ರ ಭದ್ರೆಗೇ ಬಂತು. ಜನ ಹೋರಾಡಿದರೂ ನಿಲ್ಲಿಸಲು ಸುಪ್ರೀಂ ಕೋರ್ಟೇ ಬೇಕಾಯಿತು. 2002ರಲ್ಲಿ ಆದೇಶ, 2005ರ ಕೊನೆಗೆ ಗಣಿ ಬಂದ್.

ಒಡಿಶಾದ ನಿಯಮಗಿರಿಯಲ್ಲಿ ಹಾಗಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಬಲದ ಮೇಲೆ ಕೋರ್ಟು ಪ್ರಶ್ನೆಯನ್ನು ಊರಿಗೇ ಒಪ್ಪಿಸಿತು. 2013ರಲ್ಲಿ 12 ಗ್ರಾಮಸಭೆಗಳೂ ಬಾಕ್ಸೈಟ್ ಗಣಿ ಬೇಡವೆಂದವು. ಮಲೆನಾಡಿಗೂ ಅದೇ ಕಾಯ್ದೆ ಅನ್ವಯಿಸುತ್ತದೆ. ಆದರೆ ಇಲ್ಲಿ ಮನೆ ಹಂಚಿಕೆ, ಬೀದಿದೀಪದ ಮಾತು ಮುಗಿದ ಕೂಡಲೇ ಸಭೆಯಿಂದ ಜನ ಏಳುತ್ತಾರೆ. ಕಾಡು, ಹೊಳೆಯ ಮಾತೂ ಅಲ್ಲೇ ಆಗಬೇಕು, ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು.