ಸೌಂಡ್‌ಬಾರ್ ಬೇಡ, ಮೊದಲು ಕಿವಿ ತೋರಿಸಿ

ಅಪ್ಪ ಟಿವಿ ಸೌಂಡ್ 60ಕ್ಕೆ ಇಡ್ತಾರೆ, ಪಕ್ಕದ ಮನೆಯವರು ಗೊಣಗ್ತಾರೆ, ಯಾವ ಸೌಂಡ್‌ಬಾರ್ (ಟಿವಿ ಜೊತೆಗಿಡೋ ಉದ್ದನೆ ಸ್ಪೀಕರ್) ತಗೊಳ್ಳಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನು ತಗೊಂಡು ಕೆಟ್ಟವನು.

ನಮ್ಮಮ್ಮನಿಗೆ ಆಗ 74. ಸಂಜೆ ಸೀರಿಯಲ್ ಹಾಕಿದರೆ ಬೀದಿ ತುದಿಯ ಹಾಲಿನ ಬೂತಿಗೂ ಕಥೆ ಗೊತ್ತಾಗ್ತಿತ್ತು. ಕೇಳಿಸಲ್ಲ ಅಂದ್ರೆ ಜೋರು ಮಾಡಬೇಕು, ಅಷ್ಟೇ ತಾನೇ ಅಂತ 14,000 ಕೊಟ್ಟು ವೂಫರ್ (ದಪ್ಪ ಸದ್ದಿನ ಸ್ಪೀಕರ್) ಇರೋ ಸೌಂಡ್‌ಬಾರ್ ತಂದೆ. ಹಾಕಿದ ದಿನವೇ ಶೋಕೇಸಿನ ಗಾಜು ಅದುರಿತು. ಟಿವಿಯಲ್ಲಿ ಪೊಲೀಸಿನವನು "ಮಗು ಪತ್ತೆ ಆಯ್ತು" ಅಂದ. ಅಮ್ಮ ನನ್ನ ಕಡೆ ತಿರುಗಿ, "ಏನು, ಮಗು ಕತ್ತೆ ಆಯ್ತಾ?" ಅಂದ್ರು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಅಮ್ಮ ನಗಲಿಲ್ಲ.

ನನ್ನ ತಪ್ಪು ಆ "ಕತ್ತೆ"ಯಲ್ಲೇ ಇತ್ತು. ವಯಸ್ಸಾದ ಕಿವಿ ಎಲ್ಲ ಸದ್ದನ್ನೂ ಒಂದೇ ಸಮ ಕಳೆದುಕೊಳ್ಳಲ್ಲ. ಸಾಮಾನ್ಯವಾಗಿ ಮೊದಲು ಹೋಗೋದು ಕೀಚಲು ಸದ್ದು. ಅ, ಆ, ಓ ಎಲ್ಲ ದಪ್ಪ ಸದ್ದು, ಅವು ಕೇಳ್ತಾನೇ ಇರುತ್ತವೆ. ಪ, ಕ, ತ, ಸ, ಶ ಸಣ್ಣ, ಚೂಪಾದ ಸದ್ದುಗಳು. ಒಂದು ಮಾತನ್ನ ಇನ್ನೊಂದರಿಂದ ಬೇರೆ ಮಾಡೋದೇ ಅವು. ಪತ್ತೆ, ಕತ್ತೆ ಹೇಳಿ ನೋಡಿ: ಮೊದಲ ವ್ಯಂಜನ ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ. ಅಮ್ಮನಿಗೆ ಸದ್ದು ಕೇಳ್ತಿತ್ತು, ಮಾತು ಕೇಳ್ತಿರಲಿಲ್ಲ. ನಾನು ತಂದ ವೂಫರ್, ಮೊದಲೇ ಕೇಳ್ತಿದ್ದ ದಪ್ಪ ಸದ್ದನ್ನೇ ಇನ್ನಷ್ಟು ಉಬ್ಬಿಸಿ, ಕೇಳದ್ದನ್ನ ಅದರಡಿ ಹೂತುಹಾಕಿತು. ದುಡ್ಡು ಕೊಟ್ಟು ಕಿವುಡು ಜಾಸ್ತಿ ಮಾಡಿದ ಹಾಗೆ. ತಿಂಗಳೊಪ್ಪತ್ತಿನಲ್ಲಿ ಅಮ್ಮ "ಸೀರಿಯಲ್ ಬೇಜಾರಪ್ಪ" ಅಂತ ರೂಮಿನಲ್ಲೇ ಕೂರೋಕೆ ಶುರು ಮಾಡಿದ್ರು. ಬೇಜಾರಂತೆ ಅಂತ ಒಂದು ವರ್ಷ ನಾನೂ ನಂಬಿದೆ.

ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದೆ. 1965ರಿಂದ ಇದೆ, ನಮ್ಮ ಮಂಡ್ಯದಿಂದ ಒಂದು ಗಂಟೆ ದಾರಿ. ಅದು ಮಾತು ಬರದ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆ. ಗುಗ್ಗೆ ತೆಗೆದು ಪರೀಕ್ಷೆ ಮಾಡಿದ್ರು. ಅಮ್ಮನ ಗ್ರಾಫು ಎಡಗಡೆ, ಅಂದ್ರೆ ದಪ್ಪ ಸದ್ದಿನ ಕಡೆ, ನೆಟ್ಟಗಿದ್ದು ಬಲಕ್ಕೆ, ಕೀಚಲು ಸದ್ದಿನ ಕಡೆ ಹೋಗ್ತಾ ಜಾರುಬಂಡೆ ಥರ ಇಳಿದಿತ್ತು. ಆ ಇಳಿಜಾರಿಗೆ ತಕ್ಕ ಹಾಗೆ ಕಿವಿಗೆ ಹಾಕೋ ಮೆಷಿನ್ ಹೊಂದಿಸಿ ಕೊಟ್ರು. ಮೊದಲ ವಾರ ಅಮ್ಮ, ಪ್ಲಾಸ್ಟಿಕ್ ಕವರ್ ಸದ್ದಿಗೇ ತಲೆನೋವು ಅಂತ ಬಿಚ್ಚಿ ಬಿಚ್ಚಿ ಇಟ್ರು. ಇನ್ನೆರಡು ಸಲ ಹೋಗಿ ಸರಿ ಮಾಡಿಸಿದ್ವಿ. ಈಗ ಟಿವಿ 22ರಲ್ಲಿರುತ್ತೆ.

ಕಿವಿ ತೋರಿಸೋವರೆಗೂ ಟಿವಿ ಸೆಟ್ಟಿಂಗ್‌ನಲ್ಲಿ ಬಾಸ್ (ದಪ್ಪ ಸದ್ದು) ಇಳಿಸಿ, ಟ್ರೆಬಲ್ (ಕೀಚಲು ಸದ್ದು) ಏರಿಸಿ, ಕುರ್ಚಿ ಮುಂದೆ ಎಳೆದು ಹಾಕಿ. ಬ್ಲೂಟೂತ್ ಹೆಡ್‌ಫೋನ್ ಬಗ್ಗೆ ಆಮೇಲೆ ಯೋಚನೆ ಮಾಡಿ. ಅದನ್ನ ಹಾಕಿದ್ರೆ ಎಷ್ಟೋ ಟಿವಿಗಳಲ್ಲಿ ತುಟಿ ಅಲ್ಲಾಡಿದ ಮೇಲೆ ಮಾತು ಬರುತ್ತೆ, ಮಿಕ್ಕವರಿಗೆ ಸೌಂಡೇ ಇರಲ್ಲ.

ತಂದೆಯವರು ಬರಲ್ಲ ಅಂತೀರಾ? ಪರೀಕ್ಷೆ, ಮೆಷಿನ್ ಅಂತ ಬಾಯಿ ಬಿಡಬೇಡಿ. ಗುಗ್ಗೆ ತೆಗೆಸ್ಕೊಂಡು ಬರೋಣ ಬನ್ನಿ ಅನ್ನಿ. ನಮ್ಮಮ್ಮ ಬಸ್ ಹತ್ತಿದ್ದು ಹಾಗೇನೇ.