ಯುದ್ಧ ಸ್ಮಾರಕದಲ್ಲಿ ಚಿಕ್ಕಪ್ಪನವರ ಹೆಸರು ಹುಡುಕುವ ಬಗ್ಗೆ

1971ರ ಯುದ್ಧದಲ್ಲಿ ಮಡಿದ ಚಿಕ್ಕಪ್ಪನವರ ಹೆಸರನ್ನು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ನೋಡಲು ವಯಸ್ಸಾದ ತಂದೆಯವರೊಂದಿಗೆ ಯಾದಗಿರಿಯಿಂದ ಹೊರಟಿರುವ ತಾವು, ಅದನ್ನು ಎಲ್ಲಿ ಹುಡುಕಬೇಕೆಂದು ಕೇಳಿದ್ದೀರಿ. ಕಲಬುರಗಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಅಲ್ಲಿಗೆ ಹೋಗಿಬಂದವನಾದ್ದರಿಂದ ಬರೆಯುತ್ತಿದ್ದೇನೆ.

ಇಂಡಿಯಾ ಗೇಟ್‌ನ ಗೋಡೆಯ ಮೇಲಿರುವುದು ಬ್ರಿಟಿಷರ ಕಾಲದ ಸೈನಿಕರ ಹೆಸರುಗಳು. ಅಲ್ಲಿ ಹುಡುಕಿ ದಣಿಯಬೇಡಿ. ಅದರ ಪಕ್ಕದಲ್ಲೇ ಸುಮಾರು 40 ಎಕರೆಯಲ್ಲಿರುವ, 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ಸ್ಮಾರಕವು ಒಂದನ್ನೊಂದು ಸುತ್ತುವರಿದ ನಾಲ್ಕು ಚಕ್ರಗಳಾಗಿದೆ. ನಡುವೆ ಜ್ಯೋತಿಯಿರುವ ಅಮರ ಚಕ್ರ, ಆಚೆಗೆ ಆರು ಕಂಚಿನ ಭಿತ್ತಿಶಿಲ್ಪಗಳ ವೀರತಾ ಚಕ್ರ. ತಾವು ಹೋಗಬೇಕಾದದ್ದು ಮೂರನೆಯದಾದ ತ್ಯಾಗ ಚಕ್ರಕ್ಕೆ. ಅಲ್ಲಿನ ಗೋಡೆಗಳಲ್ಲಿ ಒಬ್ಬೊಬ್ಬ ಯೋಧನಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆಯಿದ್ದು, ಬಂಗಾರದ ಬಣ್ಣದ ಅಕ್ಷರಗಳಲ್ಲಿ ಹೆಸರು ಕೊರೆದಿದ್ದಾರೆ. ಇಂಥವು 25,000ಕ್ಕೂ ಹೆಚ್ಚು ಇರುವುದರಿಂದ, ಚಿಕ್ಕಪ್ಪನವರ ಹುದ್ದೆ, ರೆಜಿಮೆಂಟ್ ಮತ್ತು ಸೇನಾ ಸಂಖ್ಯೆಯನ್ನು ಹಳೆಯ ಕಾಗದಪತ್ರಗಳಿಂದ ಬರೆದುಕೊಂಡು ಹೋಗುವುದು ಅಗತ್ಯ. ನಮ್ಮ ಕಡೆ ಒಂದೇ ಹೆಸರಿನವರು ಎಷ್ಟು ಜನ ಎಂಬುದು ತಮಗೂ ಗೊತ್ತು.

ಹೊರಗಿನ ರಕ್ಷಕ ಚಕ್ರದಲ್ಲಿ ಕಾವಲು ನಿಂತ ಸೈನಿಕರಂತೆ 600ಕ್ಕೂ ಹೆಚ್ಚು ಮರಗಳಿವೆ. ಪಕ್ಕದ ಉದ್ಯಾನದಲ್ಲಿ ಪರಮವೀರ ಚಕ್ರ ಪಡೆದ 21 ವೀರರ ಕಂಚಿನ ಪ್ರತಿಮೆಗಳಿದ್ದು, ನನಗೆ ಹೆಚ್ಚು ಹಿಡಿಸಿದ್ದು ಇದೇ ಭಾಗ. ಒಳಗಿನ ಕಲ್ಲು ಮಧ್ಯಾಹ್ನ ನಮ್ಮ ಶಹಾಬಾದ್ ಕಲ್ಲಿನ ಅಂಗಳದಂತೆಯೇ ಕಾಯುತ್ತದೆ. ಆದ್ದರಿಂದ ತಂದೆಯವರನ್ನು ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಕರೆದೊಯ್ಯಿರಿ. ಪ್ರವೇಶ ಉಚಿತ. ಸಂಜೆ ಹುತಾತ್ಮರ ಬಂಧುಗಳಿಂದ ಪುಷ್ಪಚಕ್ರ ಇರಿಸುವ ಕಾರ್ಯಕ್ರಮವೂ ನಡೆಯುತ್ತದೆ. ತಂದೆಯವರಿಗೆ ಆ ಅವಕಾಶ ಸಿಗುವುದೇ ಎಂದು ಹೊರಡುವ ಮೊದಲೇ ವಿಚಾರಿಸಿರಿ.